ಹೆಸರು ಮರೆತುಹೋದ ಚೈನ್ ಸಾಗಳು

ಗಾಳಿಮಳೆಗೆ ತೋಟದಲ್ಲಿ ಮರವೊಂದು ಅಡ್ಡಬಿದ್ದರೆ ಇಂದು ಕೊಡಲಿ ಹುಡುಕುವವರು ಕಡಿಮೆ. ಚೈನ್ ಸಾ ಇರುವವರಿಗೆ ಹೇಳಿಕಳಿಸುತ್ತೇವೆ. ಚೈನ್ ಸಾ ಎಂದರೆ ಸರಪಳಿ ಗರಗಸ. ಒಂದು ಪುಟ್ಟ ಪೆಟ್ರೋಲ್ ಎಂಜಿನ್, ಅದರಿಂದ ಮುಂದಕ್ಕೆ ಚಾಚಿದ ಉಕ್ಕಿನ ಪಟ್ಟಿ, ಪಟ್ಟಿಯ ಅಂಚಿನ ಗಾಡಿಯಲ್ಲಿ ಓಡುವ ಹಲ್ಲಿನ ಸರಪಳಿ, ಇಷ್ಟೇ ಯಂತ್ರ. ಯಾವ ಕಂಪನಿಯದು ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು: ಜರ್ಮನಿಯ ಷ್ಟೀಲ್ ಅಥವಾ ಸ್ವೀಡನ್ನಿನ ಹಸ್ಕ್‌ವರ್ನ.

ಕಳೆದ ಶತಮಾನದಲ್ಲಿ ಇಂಥ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿಗಳು ಹತ್ತಾರು. ಹೋಮ್‌ಲೈಟ್, ಮೆಕಲ್ಲಕ್, ಡಾಲ್ಮಾರ್, ಯೂನ್ಸರೆಡ್, ಪಾರ್ಟ್‌ನರ್, ಪಯೊನೀರ್, ಸೋಲೊ - ಇವುಗಳಲ್ಲಿ ಎಷ್ಟನ್ನು ನೀವು ಕೇಳಿದ್ದೀರಿ? ಅಮೆರಿಕ, ಯುರೋಪುಗಳಲ್ಲಿ ಈ ಹೆಸರಿನ ಹಳೆಯ ಯಂತ್ರಗಳನ್ನು ಅಗ್ಗದ ಬೆಲೆಗೆ ತಂದು, ಪೂರ್ತಿ ಬಿಚ್ಚಿ, ಮತ್ತೆ ಓಡುವಂತೆ ಮಾಡುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. ಅವರ ಅನುಭವ ನಮಗೂ ಉಪಯುಕ್ತ. ನಮ್ಮ ರೈತರ ಮನೆಗಳಲ್ಲಿರುವ ಕಳೆ ಕೊಚ್ಚುವ ಯಂತ್ರ, ಬೆನ್ನಿಗೆ ಕಟ್ಟುವ ಔಷಧಿ ಸಿಂಪರಣೆ ಯಂತ್ರ, ಹೆಸರೇ ಕೇಳದ ಅಗ್ಗದ ಚೈನ್ ಸಾ - ಎಲ್ಲದರ ಒಳಗೂ ಇರುವುದು ಬಹುಪಾಲು ಅದೇ ಎರಡು ಹೊಡೆತದ ಎಂಜಿನ್. ಆದರೆ ಈ ಹವ್ಯಾಸದಲ್ಲಿ ಎರಡು ಅಪಾಯಗಳುಂಟು. ತಿಳಿಯದೆ ಓಡಿಸಿದರೆ ದುರಸ್ತಿ ಮಾಡಿದ ಎಂಜಿನ್ ಹತ್ತೇ ನಿಮಿಷದಲ್ಲಿ ಸುಟ್ಟು ಹಿಡಿದುಕೊಳ್ಳಬಹುದು. ಇನ್ನೊಂದು ಅಪಾಯ ಎಂಜಿನ್ನಿಗಲ್ಲ, ಅದನ್ನು ಹಿಡಿದವರಿಗೆ.

ಹೆಸರುಗಳ ಕಥೆ

ಹೋಮ್‌ಲೈಟ್ ಕಂಪನಿ ಅಮೆರಿಕದಲ್ಲಿ 1921ರಲ್ಲಿ ಆರಂಭವಾಯಿತು. ವಿದ್ಯುತ್ ತಂತಿ ಇನ್ನೂ ತಲುಪದ ಹಳ್ಳಿಮನೆಗಳಿಗೆ ಬೆಳಕು ಕೊಡುವ ಪುಟ್ಟ ಜನರೇಟರ್ ಅದರ ಮೊದಲ ಸರಕು. ಹೆಸರಿನ ಮೂಲವೂ ಅದೇ. ಎರಡನೆಯ ಮಹಾಯುದ್ಧದ ಅನಂತರ ಚೈನ್ ಸಾ ತಯಾರಿಕೆಗೆ ಇಳಿಯಿತು. 1960ರ ದಶಕದಲ್ಲಿ ಬಂದ ಅದರ ಎಕ್ಸ್‌ಎಲ್-12 ಮಾದರಿ ಪಟ್ಟಿ, ಸರಪಳಿ ಬಿಟ್ಟರೆ ಸುಮಾರು ಐದೂವರೆ ಕಿಲೊಗ್ರಾಂ ತೂಗುತ್ತಿತ್ತು. ಈ ಹಗುರತನಕ್ಕೆ ಕಾರಣ ಮೆಗ್ನೀಸಿಯಂ ಮಿಶ್ರಲೋಹದ ಕವಚ. ಅಲ್ಯೂಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು, ಮೆಗ್ನೀಸಿಯಂನದು 1.74 ಪಟ್ಟು ಮಾತ್ರ. ಕಂಪನಿ 1955ರಲ್ಲಿ ಟೆಕ್ಸ್‌ಟ್ರಾನ್ ಕೈಗೆ, 1994ರಲ್ಲಿ ಟ್ರಾಕ್ಟರ್ ತಯಾರಿಸುವ ಜಾನ್ ಡಿಯರ್ ಕೈಗೆ, 2001ರಲ್ಲಿ ಹಾಂಗ್‌ಕಾಂಗ್‌ನ ಒಂದು ಕಂಪನಿಯ ಕೈಗೆ ಹೋಯಿತು.

ಮೆಕಲ್ಲಕ್ ಕಂಪನಿಯ ಯಜಮಾನ ರಾಬರ್ಟ್ ಮೆಕಲ್ಲಕ್ ಇನ್ನೂ ಸ್ವಾರಸ್ಯದ ಮನುಷ್ಯ. 1949ರಲ್ಲಿ ಅವನ ಕಂಪನಿ 25 ಪೌಂಡ್ ತೂಕದ, ಒಬ್ಬನೇ ಎತ್ತಿ ಕೆಲಸ ಮಾಡಬಹುದಾದ ಗರಗಸ ತಂದಿತು. ಅದಕ್ಕೆ ಮೊದಲು ಇಬ್ಬರು ಹಿಡಿಯುವ ಭಾರಿ ಯಂತ್ರಗಳೇ ಹೆಚ್ಚು. ಹಣ ಕೂಡಿದ ಮೇಲೆ ಆತ 1968ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಸೇತುವೆಯನ್ನೇ 24 ಲಕ್ಷ 60 ಸಾವಿರ ಡಾಲರಿಗೆ ಕೊಂಡು, ಅದರ ಕಲ್ಲುಗಳನ್ನು ಅಮೆರಿಕದ ಅರಿಜೋನ ಮರುಭೂಮಿಗೆ ಸಾಗಿಸಿ, ತಾನು ಕಟ್ಟಿದ ಊರಿನಲ್ಲಿ ಮತ್ತೆ ನಿಲ್ಲಿಸಿದ! ಸೇತುವೆ ಈಗಲೂ ಅಲ್ಲಿದೆ. ಕಂಪನಿ 1999ರಲ್ಲಿ ದಿವಾಳಿಯಾಗಿ, ಹೆಸರು ಮಾತ್ರ ಹಸ್ಕ್‌ವರ್ನದ ಪಾಲಾಯಿತು.

ಡಾಲ್ಮಾರ್ ಎಂಬುದು ಜರ್ಮನಿಯ ಥುರಿಂಗಿಯ ಪ್ರಾಂತದ ಒಂದು ಬೆಟ್ಟದ ಹೆಸರು. 1927ರಲ್ಲಿ ಎಮಿಲ್ ಲೆರ್ಪ್ ತನ್ನ 58 ಕಿಲೊಗ್ರಾಂ ತೂಕದ ಪೆಟ್ರೋಲ್ ಗರಗಸವನ್ನು ಅಲ್ಲಿ ಪರೀಕ್ಷಿಸಿದ. 1991ರಲ್ಲಿ ಇದನ್ನು ಜಪಾನಿನ ಮಕಿಟಾ ಕೊಂಡಿತು. ಆ ಮಕಿಟಾ 2022ರ ಮಾರ್ಚಿನಲ್ಲಿ ಪೆಟ್ರೋಲ್ ಎಂಜಿನ್ನಿನ ತಯಾರಿಕೆಯನ್ನೇ ನಿಲ್ಲಿಸಿ ಬ್ಯಾಟರಿಯ ದಾರಿ ಹಿಡಿಯಿತು. ಸ್ವೀಡನ್ನಿನ ಯೂನ್ಸರೆಡ್ ಮೂಲತಃ ಬಟ್ಟೆ ಗಿರಣಿಯ ಊರು. ಅಲ್ಲಿಯ ಕಾರ್ಖಾನೆ 1954ರಿಂದ 'ರಾಕೆಟ್' ಎಂಬ ಹೆಸರಿನ ಗರಗಸ ತಯಾರಿಸಿತು. ಮುಂದೆ ಅದು ಎಲೆಕ್ಟ್ರೊಲಕ್ಸ್ ಗುಂಪಿನಲ್ಲಿ ಹಸ್ಕ್‌ವರ್ನದ ಜೊತೆ ಸೇರಿಹೋಯಿತು.

ಈ ವಂಶಾವಳಿ ಬರೀ ಕುತೂಹಲಕ್ಕಲ್ಲ, ಬಿಡಿಭಾಗ ಹುಡುಕುವವರಿಗೆ ಇದೇ ನಕ್ಷೆ. ಯೂನ್ಸರೆಡ್ 2171ರ ಒಳಗಿನ ಎಂಜಿನ್ ಹಸ್ಕ್‌ವರ್ನ 372ರ ಸೋದರ. ಡಾಲ್ಮಾರ್ ಪಿಎಸ್-6400 ಮತ್ತು ಮಕಿಟಾ ಡಿಸಿಎಸ್-6401 ಬಣ್ಣದಲ್ಲಿ ಮಾತ್ರ ಬೇರೆ. ಹೆಸರು ಸತ್ತರೂ ಭಾಗ ಸಿಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಯಾವ ಕಂಪನಿಯೂ ಯಂತ್ರದ ಎಲ್ಲ ಭಾಗಗಳನ್ನು ತಾನೇ ಮಾಡುವುದಿಲ್ಲ. ಕಾರ್ಬ್ಯುರೇಟರ್ ಟಿಲಟ್‌ಸನ್, ವಾಲ್ಬ್ರೊ ಅಥವಾ ಜಾಮಾದ್ದಾಗಿರುತ್ತದೆ. ಸಂಖ್ಯೆ ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಕ್ರ್ಯಾಂಕಿನ ಬೇರಿಂಗ್ ಹೊರತೆಗೆದು ನೋಡಿದರೆ ಬಹಳ ಸಲ 6202 ಎಂದಿರುತ್ತದೆ - ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿಲಿಮೀಟರ್. ಇದು ಯಾವ ಊರಿನ ಬೇರಿಂಗ್ ಅಂಗಡಿಯಲ್ಲೂ ಸಿಗುವ ಸರಕು. ಹೆಚ್ಚು ಸಡಿಲವಿರುವ ಸಿ3 ಬಗೆಯನ್ನೇ ಕೇಳಿ. ಆಯಿಲ್ ಸೀಲ್, ಸ್ಪಾರ್ಕ್ ಪ್ಲಗ್, ಸರಪಳಿ - ಎಲ್ಲವೂ ಅಳತೆಯಿಂದ ಸಿಗುತ್ತವೆ, ಹೆಸರಿನಿಂದಲ್ಲ. ಕಂಪನಿಗೇ ಮೀಸಲಾದವು ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ಚಿನ ಡ್ರಮ್ ಮತ್ತು ಹೊರಕವಚ. ಆದ್ದರಿಂದ ಕೊಳ್ಳುವಾಗ ಇವನ್ನೇ ನೋಡಿ. ಹರಿದ ಪೈಪು, ಒಣಗಿದ ಕಾರ್ಬ್ಯುರೇಟರ್ ಇದ್ದರೆ ಹೆದರಬೇಡಿ. ಬೆಲೆ ಇಳಿಸಲು ಅವು ಒಳ್ಳೆಯ ನೆಪ.

ಕೊಳ್ಳುವ ಮುನ್ನ ಎರಡು ನಿಮಿಷ

ಗರಗಸವನ್ನು ಅದರ ಎಳೆಹಗ್ಗದಿಂದಲೇ ತೂಗುಹಾಕಿ. ಸ್ವಂತ ತೂಕಕ್ಕೆ ಅದು ಸರ್ರನೆ ಕೆಳಗಿಳಿದರೆ ಸಂಪೀಡನೆ ಇಲ್ಲ ಎಂದರ್ಥ. ಒಂದೊಂದು ಸುತ್ತಿಗೂ ತಡೆದು ತಡೆದು ಇಳಿದರೆ ಪಿಸ್ಟನ್ ಉಂಗುರಗಳು ಕೆಲಸಮಾಡುತ್ತಿವೆ. ಮಾಪಕವಿದ್ದರೆ ಪ್ಲಗ್ಗಿನ ಜಾಗಕ್ಕೆ ತಿರುಗಿಸಿ ಐದಾರು ಬಾರಿ ಹಗ್ಗ ಎಳೆಯಿರಿ. ಕಾರಿನ ಚಕ್ರಕ್ಕೆ 30 ಪಿಎಸ್‌ಐ ಗಾಳಿ ಹಾಕಿಸುತ್ತೀರಲ್ಲ, ಅದೇ ಅಳತೆಯಲ್ಲಿ ಇಲ್ಲಿ 120ರಿಂದ 150 ಬಂದರೆ ಒಳ್ಳೆಯದು. 100ಕ್ಕಿಂತ ಬಹಳ ಕೆಳಗಿದ್ದರೆ ಪಿಸ್ಟನ್ ನೋಡದೆ ಹಣ ಕೊಡಬೇಡಿ.

ನೋಡುವುದು ಸುಲಭ. ಸೈಲೆನ್ಸರಿನ ಎರಡು ಬೋಲ್ಟ್ ಬಿಚ್ಚಿದರೆ ಹೊಗೆಕಿಂಡಿಯೊಳಗೆ ಪಿಸ್ಟನ್ನಿನ ಮೈ ಕಾಣುತ್ತದೆ. ಅದು ನಯವಾಗಿ, ಬೂದುಬಣ್ಣಕ್ಕಿದ್ದರೆ ಸರಿ. ಉದ್ದುದ್ದ ಗೀರು, ಕರಗಿ ಮೆತ್ತಿದ ಲೋಹ ಕಂಡರೆ ಎಂಜಿನ್ ಒಮ್ಮೆ ಬಿಸಿಯಾಗಿ ಹಿಡಿದಿದೆ.

ಹೀಗೆ ಏಕೆ ಹಿಡಿಯುತ್ತದೆ? ಪಿಸ್ಟನ್ನಿನ ಮಿಶ್ರಲೋಹ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 20 ಭಾಗ ಹಿಗ್ಗುತ್ತದೆ. ಸಿಲಿಂಡರಿಗೆ ರೆಕ್ಕೆಗಳಿವೆ, ಗಾಳಿ ಬೀಸಿ ತಂಪಾಗುತ್ತದೆ. ಪಿಸ್ಟನ್ನಿಗೆ ಆ ಸೌಕರ್ಯವಿಲ್ಲ. 50 ಮಿಲಿಮೀಟರ್ ವ್ಯಾಸದ ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚುವರಿಯಾಗಿ 100 ಡಿಗ್ರಿ ಬಿಸಿಯಾದರೆ ಅದರ ವ್ಯಾಸ 0.1 ಮಿಲಿಮೀಟರ್ ಹೆಚ್ಚುತ್ತದೆ. ಎರಡರ ನಡುವಿನ ಸಂದು ಹೆಚ್ಚುಕಡಿಮೆ ಅಷ್ಟೇ. ಎಣ್ಣೆಯ ಪದರ ಹರಿದು ಲೋಹ ಲೋಹವನ್ನು ಉಜ್ಜುತ್ತದೆ, ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿಗೆ ಮೆತ್ತಿಕೊಳ್ಳುತ್ತದೆ.

ಸಿಲಿಂಡರಿನ ಒಳಮೈಗೆ ಗಟ್ಟಿ ಕ್ರೋಮಿಯಂ ಲೇಪವಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ಮೆತ್ತಿದ್ದು ಅಲ್ಯೂಮಿನಿಯಂ, ಅದು ಕಾಸ್ಟಿಕ್ ಸೋಡದಲ್ಲಿ ಕರಗುತ್ತದೆ, ಕ್ರೋಮಿಯಂ ಕರಗುವುದಿಲ್ಲ. ದ್ರಾವಣದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆತ್ತಿದ ಜಾಗವನ್ನಷ್ಟೇ ಮುಟ್ಟಿಸಿ. ಗುಳ್ಳೆಗಳು ಬರುತ್ತವೆ, ಅದು ಜಲಜನಕ. ಗುಳ್ಳೆ ನಿಂತರೆ ಅಲ್ಯೂಮಿನಿಯಂ ಮುಗಿಯಿತು. ಸಿಲಿಂಡರಿನ ಮೈಯೂ ಅಲ್ಯೂಮಿನಿಯಂ ಎಂಬುದು ನೆನಪಿರಲಿ. ಲೇಪವಿಲ್ಲದ ಕಿಂಡಿಗಳ ಅಂಚಿಗೆ ದ್ರಾವಣ ಹರಿದರೆ ಅದನ್ನೂ ತಿನ್ನುತ್ತದೆ. ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಈ ಕೆಲಸವನ್ನು ಕೈಗವಸು, ಕನ್ನಡಕ ಧರಿಸಿ ಮನೆಯ ಹೊರಗೆ ಮಾಡಬೇಕು, ಬೆಂಕಿ ಹತ್ತಿರವಿರಬಾರದು. ಲೇಪವೇ ಕಿತ್ತುಬಂದು ಒಳಗಿನ ಲೋಹ ಕಾಣುತ್ತಿದ್ದರೆ ಯಾವ ಉಪಾಯವೂ ನಡೆಯದು.

ಗಾಳಿ ನುಗ್ಗುವ ಸಂದು

ಹಳೆಯ ಗರಗಸಗಳನ್ನು ಕೊಲ್ಲುವ ನಿಜವಾದ ಶತ್ರು ತುಕ್ಕಲ್ಲ, ಗಾಳಿ. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಮೇಲೇರುವಾಗ ಅಲ್ಲಿ ಒತ್ತಡ ಕುಗ್ಗಿ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಒತ್ತಡ ಹೆಚ್ಚಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಈ ಕೋಣೆಯಿಂದ ಹೊರಬರುವ ಅಚ್ಚಿನ ಎರಡು ತುದಿಗಳಲ್ಲಿ ರಬ್ಬರಿನ ಸೀಲುಗಳಿವೆ. ಮೂವತ್ತು ನಲವತ್ತು ವರ್ಷಗಳಲ್ಲಿ ಅವು ಒಣಗಿ ಬಿರುಸಾಗುತ್ತವೆ. ಆಗ ಎಳೆತದ ಹೊತ್ತಿನಲ್ಲಿ ಸೀಲಿನ ಸಂದಿನಿಂದ ಬರಿಯ ಗಾಳಿ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಪೆಟ್ರೋಲಿನ ಜೊತೆಗೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ತಮಾಷೆಯೆಂದರೆ ಎಂಜಿನ್ ಆಗ ಎಂದಿಗಿಂತ ಚುರುಕಾಗಿ ಕಿರುಚುತ್ತದೆ! ಕೊಂಡವನು ಖುಷಿಪಡುವಷ್ಟರಲ್ಲಿ ಪಿಸ್ಟನ್ ಹಿಡಿದಿರುತ್ತದೆ.

ಪರೀಕ್ಷೆ ಹೀಗೆ: ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ತೆಗೆದು ಎರಡೂ ಕಿಂಡಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಕೈಪಂಪಿನಿಂದ ಒಳಗೆ ಸುಮಾರು ಅರ್ಧ ವಾಯುಮಂಡಲದಷ್ಟು ಒತ್ತಡ ತುಂಬಿ. ಮುಳ್ಳು ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಎಂದು ನೋಡಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸೀಲಿನ ತುಟಿ ಒಳಮುಖವಾಗಿರುವುದರಿಂದ ಒಳಗಿನ ಒತ್ತಡ ಅದನ್ನು ಅಚ್ಚಿಗೆ ಇನ್ನಷ್ಟು ಒತ್ತುತ್ತದೆ, ಕೆಟ್ಟ ಸೀಲೂ ಪಾಸಾಗುತ್ತದೆ. ಅದೇ ಪಂಪಿನಿಂದ ಗಾಳಿ ಹೊರಕ್ಕೆಳೆದು ನೋಡಿ. ಈಗ ತುಟಿ ಅಚ್ಚಿನಿಂದ ಎದ್ದೇಳುತ್ತದೆ, ಗುಟ್ಟು ಹೊರಬೀಳುತ್ತದೆ. ಎರಡೂ ಪರೀಕ್ಷೆ ಮುಗಿಯದೆ ಎಂಜಿನ್ ಚಾಲೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ಡಿ ಬೈಕುಗಳನ್ನು ಓಡಿಸುತ್ತಲೇ ಇರುವ ಮೆಕ್ಯಾನಿಕ್ಕುಗಳು ನಮ್ಮಲ್ಲಿದ್ದಾರೆ. ಎರಡು ಹೊಡೆತದ ಎಂಜಿನ್ನಿನ ಕ್ರ್ಯಾಂಕ್ ಸೀಲು, ಪಾಯಿಂಟು, ಎಣ್ಣೆಯ ಪ್ರಮಾಣ - ಇವೆಲ್ಲ ಅವರಿಗೆ ಕರತಲಾಮಲಕ. ಚೈನ್ ಸಾ ಒಂದನ್ನು ಅವರ ಮುಂದೆ ಬಿಚ್ಚಿಟ್ಟರೆ ಹೊಸದಾಗಿ ಹೇಳಿಕೊಡಬೇಕಾದದ್ದು ಕಾರ್ಬ್ಯುರೇಟರ್ ಒಂದೇ.

ಸ್ಕೂಟರಿನ ಕಾರ್ಬ್ಯುರೇಟರಿನಲ್ಲಿ ತೇಲುಗುಂಡು ಇರುತ್ತದೆ. ಅದು ನೆಟ್ಟಗೆ ನಿಂತಾಗ ಮಾತ್ರ ಕೆಲಸಮಾಡುತ್ತದೆ. ಗರಗಸವನ್ನು ಅಡ್ಡ, ಓರೆ, ತಲೆಕೆಳಗು ಹೇಗೆಂದರೆ ಹಾಗೆ ಹಿಡಿಯಬೇಕು. ಹಾಗಾಗಿ ಇಲ್ಲಿ ತೇಲುಗುಂಡಿನ ಬದಲು ಎರಡು ತೆಳು ಡಯಾಫ್ರಂಗಳಿವೆ. ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತ ಒಂದು ಪುಟ್ಟ ರಂಧ್ರದ ಮೂಲಕ ಬಂದು ಮೊದಲನೆಯದನ್ನು ಪಂಪಿನಂತೆ ಬಡಿಸುತ್ತದೆ. ಎರಡನೆಯದರ ಒಂದು ಬದಿಗೆ ಹೊರಗಾಳಿ, ಇನ್ನೊಂದು ಬದಿಗೆ ಪೆಟ್ರೋಲ್. ಎಂಜಿನ್ ಪೆಟ್ರೋಲ್ ಹೀರಿದಾಗ ಹೊರಗಾಳಿ ಅದನ್ನು ಒಳಕ್ಕೆ ತಳ್ಳುತ್ತದೆ, ಅದು ಒಂದು ಸನ್ನೆಯನ್ನು ಒತ್ತುತ್ತದೆ, ಸೂಜಿ ಎದ್ದು ಪೆಟ್ರೋಲ್ ಬರುತ್ತದೆ. ಹಳೆಯ ಡಯಾಫ್ರಂ ಒಣಗಿ ಹಪ್ಪಳದಂತಾಗಿರುತ್ತದೆ. 'ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ' ಎಂದು ಮೂಲೆಗೆ ಬಿದ್ದ ಯಂತ್ರಗಳಲ್ಲಿ ಹಲವಕ್ಕೆ ಬೇಕಾದದ್ದು ಈ ಎರಡು ಹಾಳೆಗಳು ಮಾತ್ರ.

ಕಿಡಿಯ ವಿಷಯ ಚಿಕ್ಕದು. ಫ್ಲೈವೀಲಿನಲ್ಲಿರುವ ಅಯಸ್ಕಾಂತ ಸುರುಳಿಯ ಮುಂದೆ ಹಾದಾಗ ವಿದ್ಯುತ್ ಪ್ರೇರಿತವಾಗುತ್ತದೆ. ಆ ಪ್ರವಾಹ ಉಚ್ಚದಲ್ಲಿದ್ದಾಗ ಪಾಯಿಂಟುಗಳು ತೆರೆದು ಅದನ್ನು ಥಟ್ಟನೆ ಕಡಿಯುತ್ತವೆ. ಬದಲಾವಣೆ ಎಷ್ಟು ಶೀಘ್ರವೋ ಪ್ರೇರಿತ ವೋಲ್ಟೇಜ್ ಅಷ್ಟು ಹೆಚ್ಚು - ಫ್ಯಾರಡೆ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ತರಗತಿಗೆ ಸಿಕ್ಕಿಲ್ಲ. ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರ್, ಫ್ಲೈವೀಲು ಮತ್ತು ಸುರುಳಿಯ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಅಂತರ ಇರಲಿ. ವರ್ಷಗಟ್ಟಲೆ ಸುಮ್ಮನಿದ್ದ ಪಾಯಿಂಟುಗಳ ಮೇಲೆ ಆಕ್ಸೈಡ್ ಕೂತಿರುತ್ತದೆ. ಒರಟು ಕಾಗದ ತೂರಿಸಿ ಎಳೆದರೆ ಸಾಕು.

ಮೆಗ್ನೀಸಿಯಂ ಕವಚದಲ್ಲಿ ಉಕ್ಕಿನ ಬೋಲ್ಟುಗಳು ಕಚ್ಚಿಕೊಂಡಿರುತ್ತವೆ. ಬಲಪ್ರಯೋಗ ಬೇಡ. ಮೆಗ್ನೀಸಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಕವಚವನ್ನು ಓವನ್ನಿನಲ್ಲಿ 100 ಡಿಗ್ರಿ ಹೆಚ್ಚು ಬಿಸಿಮಾಡಿದರೆ ಬೇರಿಂಗ್ ಕೂರುವ 35 ಮಿಲಿಮೀಟರ್ ರಂಧ್ರ 0.09 ಮಿಲಿಮೀಟರ್ ದೊಡ್ಡದಾಗಿ, ಫ್ರಿಜ್ಜಿನಲ್ಲಿಟ್ಟ ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತದೆ. ಬ್ಲೋಲ್ಯಾಂಪ್ ಮಾತ್ರ ಹಿಡಿಯಬೇಡಿ. ಮೆಗ್ನೀಸಿಯಂ ಪುಡಿಗೆ ಬೆಂಕಿ ತಗಲಿದರೆ ನೀರು ಅದನ್ನು ಆರಿಸುವುದಿಲ್ಲ, ಹೆಚ್ಚಿಸುತ್ತದೆ.

ಸರಪಳಿ ಮತ್ತು ಹಿಮ್ಮೊಗೆತ

ಮೊದಲಿನ ಸರಪಳಿಗಳ ಹಲ್ಲು ಕೈಗರಗಸದ ಹಲ್ಲಿನಂತೆಯೇ ಇತ್ತು; ಕೊಯ್ಯುವುದಕ್ಕಿಂತ ಕೆರೆಯುವುದೇ ಹೆಚ್ಚು. 1946ರಲ್ಲಿ ಅಮೆರಿಕದ ಆರೆಗಾನ್ ಕಾಡಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಒಂದು ಮೋಟುಮರದಲ್ಲಿ ದುಂಬಿಯ ಮರಿಹುಳು ಸೌದೆಯನ್ನು ಉದ್ದಕ್ಕೂ ಅಡ್ಡಕ್ಕೂ ಸರಾಗ ಕೊರೆಯುವುದನ್ನು ಕಂಡ. ಅದರ ದವಡೆ ಎಡಬಲಕ್ಕೆ ಬಾಗಿದ ಎರಡು ಕತ್ತಿಗಳು. ಅದೇ ಆಕಾರವನ್ನು ಉಕ್ಕಿನಲ್ಲಿ ಮೂಡಿಸಿ 1947ರಲ್ಲಿ ಮಾರಾಟಕ್ಕೆ ತಂದ. ಇಂದಿನ ಸರಪಳಿಗಳೆಲ್ಲ ಅದರ ಸಂತಾನ. ಹಳೆಯ ಗರಗಸ ತಂದವರು ಸರಪಳಿಯನ್ನು ಮಾತ್ರ ಹೊಸದೇ ಹಾಕಿ. ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ 'ಪಿಚ್', ಅದನ್ನು ಅಳೆದು ಕೇಳಿ. ಅಂಗುಲದ 3/8 ಪಿಚ್‌ಗೆ 5.5 ಮಿಲಿಮೀಟರ್ ದುಂಡನೆಯ ಅರ, 0.325ಕ್ಕೆ 4.8ರ ಅರ.

ಈ ಸರಪಳಿಯ ವೇಗ ಎಷ್ಟು? 3/8 ಪಿಚ್, 7 ಹಲ್ಲಿನ ಚಕ್ರ ಎಂದಿಟ್ಟುಕೊಳ್ಳಿ. ಚಕ್ರ ಒಂದು ಸುತ್ತು ತಿರುಗಿದಾಗ 14 ಪಿಚ್, ಅಂದರೆ 133 ಮಿಲಿಮೀಟರ್ ಸರಪಳಿ ಸರಿಯುತ್ತದೆ. ನಿಮಿಷಕ್ಕೆ 10,000 ಸುತ್ತಿಗೆ ಇದು ಸೆಕೆಂಡಿಗೆ 22 ಮೀಟರ್, ಗಂಟೆಗೆ 80 ಕಿಲೊಮೀಟರ್. ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಗಲಿತೆನ್ನಿ. ಹಲ್ಲು ಕಚ್ಚಿ ನಿಲ್ಲುತ್ತದೆ, ಅದರ ಪ್ರತಿಕ್ರಿಯೆ ಮೂತಿಯನ್ನು ಹಿಂದಕ್ಕೂ ಮೇಲಕ್ಕೂ ಒಗೆಯುತ್ತದೆ. ಮೂತಿ ನಿಮ್ಮ ಕೈಗಳಿಂದ ದೂರವಿರುವುದರಿಂದ ಬಲದ ಭ್ರಮಣಾಂಕ ದೊಡ್ಡದು. ಗರಗಸ ಮುಖದತ್ತ ತಿರುಗುತ್ತದೆ. ಮನುಷ್ಯನ ಪ್ರತಿಕ್ರಿಯೆಗೆ ಸುಮಾರು 0.2 ಸೆಕೆಂಡು ಬೇಕು. ಅಷ್ಟು ಸಮಯ ಸಿಗುವುದಿಲ್ಲ.

ಇದಕ್ಕಾಗಿಯೇ 1970ರ ದಶಕದ ಆರಂಭದಿಂದ ಸರಪಳಿಗೆ ಬ್ರೇಕ್ ಬಂತು. ಮುಂಗೈ ಕಾಪಿನ ಜಡತ್ವವೇ ಅದನ್ನು ಒತ್ತಿಬಿಡುತ್ತದೆ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಬ್ರೇಕ್ ಇಲ್ಲ. ಅನೇಕದರಲ್ಲಿ ಕಂಪನ ತಡೆಯುವ ರಬ್ಬರ್ ಬುಷ್ಷುಗಳೂ ಇಲ್ಲ. ನಿಮಿಷಕ್ಕೆ 9,000 ಸುತ್ತಿನ ಎಂಜಿನ್ ಸೆಕೆಂಡಿಗೆ 150 ಬಾರಿ ಹಿಡಿಯನ್ನು ಅದುರಿಸುತ್ತದೆ. ವರ್ಷಗಟ್ಟಲೆ ಇದನ್ನು ಹಿಡಿದ ಕಾಡುಕೆಲಸಗಾರರ ಬೆರಳುಗಳಲ್ಲಿ ರಕ್ತಸಂಚಾರ ಕೆಟ್ಟು, ಚಳಿಯಲ್ಲಿ ಬೆರಳು ಬಿಳಿಚಿ ಮರಗಟ್ಟುವ ಕಾಯಿಲೆ 1960-70ರ ದಶಕಗಳಲ್ಲಿ ವೈದ್ಯರ ಗಮನಕ್ಕೆ ಬಂತು. ಆದ್ದರಿಂದ ಬ್ರೇಕ್ ಇಲ್ಲದ ಯಂತ್ರವನ್ನು ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದ್ದರೂ ಗೂಟದ ಮೇಲಿಟ್ಟ ದಿಮ್ಮಿಯನ್ನು ನಾಲ್ಕಾರು ತುಂಡು ಮಾಡಲಷ್ಟೇ ಬಳಸಿ. ಮರ ಹತ್ತಿ, ಏಣಿಯ ಮೇಲೆ ನಿಂತು ಬಳಸುವುದು ಖಂಡಿತ ಕೂಡದು. ಕೆಲಸಕ್ಕೆ ಬರುವ ಆಳಿನ ಕೈಗೆ ಕೊಡುವುದಂತೂ ಬೇಡ. ಹವ್ಯಾಸ ನಿಮ್ಮದು, ಅಪಾಯ ಅವನದಾಗಬಾರದು. ನಿಂತ ಮರ ಕಡಿಯುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಅಧಿನಿಯಮದ ಪ್ರಕಾರ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿ.

ಪೆಟ್ರೋಲ್ ಮತ್ತು ಸದ್ದು

ನಮ್ಮ ಬಂಕುಗಳಲ್ಲಿ 2025ರ ಹೊತ್ತಿಗೆ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿದೆ. ಹಳೆಯ ಯಂತ್ರಕ್ಕೆ ಇದರ ಪರಿಣಾಮ ಎರಡು ಬಗೆ. ಹಳೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಕೆಡಿಸುತ್ತದೆ. ಮಳೆಗಾಲದ ಗಾಳಿಯಿಂದ ನೀರನ್ನೂ ಹೀರುತ್ತದೆ. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಒಂದು ಗ್ರಾಂ ಎಥನಾಲಿಗೆ 9 ಗ್ರಾಂ ಸಾಕು. ಶೇಕಡ 20ರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಬರುತ್ತದೆ. ಅಂದರೆ ಶುದ್ಧ ಪೆಟ್ರೋಲಿಗೆ ಹೊಂದಿಸಿದ್ದ ಕಾರ್ಬ್ಯುರೇಟರ್ ಈಗ ಶೇಕಡ 8ರಷ್ಟು ಹೆಚ್ಚು ಗಾಳಿ ಕೊಡುತ್ತಿದೆ. ಸೀಲು ಸರಿಯಿದ್ದೂ ಎಂಜಿನ್ ಬಿಸಿಯಾಗಲು ಇಷ್ಟು ಸಾಕು. ಹಳೆಯ ಕೈಪಿಡಿಯಲ್ಲಿ 'ಒಂದು ಸುತ್ತು ತೆರೆಯಿರಿ' ಎಂದಿದ್ದರೆ ಅದು ಆ ಕಾಲದ ಪೆಟ್ರೋಲಿಗೆ ಎಂದು ತಿಳಿಯಿರಿ.

ಎಣ್ಣೆಯ ಪ್ರಮಾಣವೂ ಹಾಗೆಯೇ. ಹಳೆಯ ಯಂತ್ರಗಳ ಮೇಲೆ 16ಕ್ಕೆ 1 ಎಂದು ಬರೆದಿರುವುದುಂಟು. ಅದು ಅಂದಿನ ಸಾಧಾರಣ ಎಂಜಿನ್ ಆಯಿಲ್‌ಗೆ. ಇಂದಿನ ಒಳ್ಳೆಯ ಎರಡು ಹೊಡೆತದ ಎಣ್ಣೆಯಾದರೆ ಲೀಟರಿಗೆ 25ರಿಂದ 30 ಮಿಲಿಲೀಟರ್ ಸಾಕು. ಧಾರಾಳವಾಗಿ ಎಣ್ಣೆ ಸುರಿದರೆ ಒಳ್ಳೆಯದೆಂದು ತಿಳಿಯಬೇಡಿ. ಅದೇ ತೂತಿನಿಂದ ಎಣ್ಣೆ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ.

ಕೊನೆಯ ಹೊಂದಾಣಿಕೆಗೆ ಕಿವಿ ಬೇಕು. ಎಂಜಿನ್ ಬಿಸಿಯಾದ ಮೇಲೆ, ಸರಪಳಿ ಏನನ್ನೂ ಮುಟ್ಟದಂತೆ ಹಿಡಿದು, ಪೂರ್ತಿ ಓಟದಲ್ಲಿ ಹೈ ಸ್ಕ್ರೂವನ್ನು ನಿಧಾನವಾಗಿ ತೆರೆಯಿರಿ. ಪೆಟ್ರೋಲ್ ಹೆಚ್ಚಾದಾಗ ಒಂದು ಹೊಡೆತ ಬಿಟ್ಟು ಒಂದು ಹೊಡೆತ ಉರಿಯತೊಡಗುತ್ತದೆ. ಸಿಡಿತಗಳ ಆವೃತ್ತಿ ಅರ್ಧವಾಗಿ, ಕಿರುಚುವ ಸ್ವರ ಒಂದು ಸಪ್ತಕ ಕೆಳಗಿಳಿದು ಒರಟಾಗಿ ಗೊರಗುಟ್ಟುತ್ತದೆ. ಎರಡು ಹೊಡೆತದ ಎಂಜಿನ್ ನಾಲ್ಕು ಹೊಡೆತದ್ದರಂತೆ ಕೇಳುವ ಆ ಹಂತದಲ್ಲಿ ಸ್ಕ್ರೂ ಬಿಡಿ. ಈಗ ದಿಮ್ಮಿಗೆ ತಾಗಿಸಿ. ಹೊರೆ ಬಿದ್ದೊಡನೆ ಗೊರಗು ಹೋಗಿ ಸ್ವರ ತಿಳಿಯಾಗಬೇಕು, ಎತ್ತಿದೊಡನೆ ಗೊರಗು ಮರಳಬೇಕು. ಎತ್ತಿದಾಗಲೂ ತಿಳಿಯಾಗಿಯೇ ಕಿರುಚುತ್ತಿದ್ದರೆ ತಕ್ಷಣ ನಿಲ್ಲಿಸಿ, ಸ್ಕ್ರೂ ಇನ್ನಷ್ಟು ತೆರೆಯಿರಿ. ತೆರೆದರೂ ಗೊರಗು ಬಾರದಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಪಂಪು, ಸೋಪಿನ ನೀರು ಮತ್ತೆ ಕೈಗೆ ಬರಲಿ. ಕೆಲಸ ಮುಗಿದ ದಿನ ಟ್ಯಾಂಕ್ ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ.